ಮೃಣಾಲ್ ಸೇನ್

1923-2018. ಬಂಗಾಳಿ ಚಲನಚಿತ್ರ ನಿರ್ದೇಶಕ. ಕೆಲಸಕ್ಕಾಗಿ ಅಲೆಯುವ ಕಲ್ಕತ್ತೆಯ ಹುಡುಗರ ಹಸಿವನ್ನೂ ಸಿಟ್ಟನ್ನೂ ತೆರೆಗೆ ತಂದವರಲ್ಲಿ ಪ್ರಮುಖರು. ಜನನ ಈಗ ಬಾಂಗ್ಲಾದೇಶದಲ್ಲಿರುವ ಫರೀದ್‌ಪುರದಲ್ಲಿ, ಮೇ 14ರಂದು. ಓದಲು ಕಲ್ಕತ್ತೆಗೆ ಬಂದವರು ಎಡಪಂಥೀಯ ರಂಗಸಂಘಟನೆ ಇಪ್ಟಾದ ಕಲಾವಿದರ ಒಡನಾಡಿಯಾದರು. ಎಡಪಂಥದತ್ತ ಒಲವಿದ್ದರೂ ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಲಿಲ್ಲ. ಹೊಟ್ಟೆಪಾಡಿಗೆ ಕೆಲಕಾಲ ಔಷಧ ಕಂಪನಿಯ ಪ್ರತಿನಿಧಿಯಾಗಿದ್ದುದೂ ಉಂಟು. ಮೊದಲ ಚಿತ್ರ 'ರಾತ್ ಭೋರೆ' (1955) ಸೋತಿತು. ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ನಿನ ನೆರವಿನಿಂದ ಹಿಂದಿಯಲ್ಲಿ ತೆಗೆದ 'ಭುವನ್ ಶೋಮ್' (1969) ಹೊಸ ಅಲೆಯ ಚಿತ್ರಗಳಿಗೆ ದಾರಿ ಮಾಡಿತು.

ಹಿಂದೆಯೇ ಬಂದ ಕಲ್ಕತ್ತೆಯ ಮೂರು ಚಿತ್ರಗಳ ಹೊತ್ತಿಗೆ ನಗರ ನಕ್ಸಲ್ ಚಳವಳಿ, ಪೊಲೀಸ್ ದಬ್ಬಾಳಿಕೆ, ನಿರುದ್ಯೋಗಗಳಲ್ಲಿ ಬೇಯುತ್ತಿತ್ತು. 'ಇಂಟರ್‌ವ್ಯೂ'ನ (1971) ಕಥೆ ಒಂದೇ ದಿನದ್ದು. ವಿದೇಶಿ ಕಂಪನಿಯಲ್ಲಿ ಕಥಾನಾಯಕ ರಂಜಿತ್‌ಗೆ ಕೆಲಸ ಹೆಚ್ಚುಕಡಿಮೆ ಖಾತ್ರಿ, ಸಂದರ್ಶನಕ್ಕೆ ಸೂಟು ತೊಟ್ಟು ಹೋಗಬೇಕು, ಅಷ್ಟೆ. ಅವನ ಸೂಟು ಲಾಂಡ್ರಿಯಲ್ಲಿದೆ. ಲಾಂಡ್ರಿಯವರು ಮುಷ್ಕರ ಹೂಡಿದ್ದಾರೆ. ಎರವಲು ತಂದದ್ದು ಬಸ್ಸಿನಲ್ಲಿ ಜೇಬುಗಳ್ಳನನ್ನು ಹಿಡಿಯುವ ಗದ್ದಲದಲ್ಲಿ ಕಳೆದುಹೋಗುತ್ತದೆ. ಕೊನೆಗೆ ಧೋತರ ಉಟ್ಟು ಹೋಗುತ್ತಾನೆ, ಕೆಲಸ ಸಿಗುವುದಿಲ್ಲ. ಅಂಗಡಿಯ ಗಾಜಿನೊಳಗೆ ಸೂಟು ತೊಟ್ಟು ನಿಂತ ಬೊಂಬೆಗೆ ಕಲ್ಲು ಬೀರುತ್ತಾನೆ. ನಡುವೆ ಟ್ರಾಮಿನ ದೃಶ್ಯವೊಂದಿದೆ: ಸಹಪ್ರಯಾಣಿಕಳ ಸಿನಿಮಾ ಪತ್ರಿಕೆಯಲ್ಲಿ ರಂಜಿತನದೇ ಫೋಟೊ. ನಟ ರಂಜಿತ್ ಮಲ್ಲಿಕ್ ಕ್ಯಾಮೆರಾದತ್ತ ತಿರುಗಿ ತಾನು ಯಾರೆಂದು ಪ್ರೇಕ್ಷಕರಿಗೇ ಹೇಳುತ್ತಾನೆ, ಛಾಯಾಗ್ರಾಹಕ ಕೆ. ಕೆ. ಮಹಾಜನ್ ಕೂಡ ತೆರೆಯ ಮೇಲೆ ಬರುತ್ತಾರೆ. ಕಥೆಯಲ್ಲಿ ಮೈಮರೆತವರನ್ನು ಹೀಗೆ ತಟ್ಟಿ ಎಬ್ಬಿಸುವುದು ಸೇನ್ ಅವರ ವರಸೆ. ಕೆಲವೆಡೆ ಅದು ಅತಿಯಾದದ್ದೂ ಇದೆ, ಇಲ್ಲಿ ಮಾತ್ರ ಚೆನ್ನಾಗಿ ಒಪ್ಪಿದೆ. ಈ ಪಾತ್ರಕ್ಕೆ ಮಲ್ಲಿಕ್‌ಗೆ ಕಾರ್ಲೊವಿ ವಾರಿ ಚಿತ್ರೋತ್ಸವದ ಶ್ರೇಷ್ಠ ನಟ ಪ್ರಶಸ್ತಿ ಬಂತು.

'ಕಲ್ಕತ್ತಾ 71' (1972) ಹಸಿವಿನ ನಾಲ್ಕು ದಶಕಗಳನ್ನು ಪೋಣಿಸುತ್ತದೆ. ಅದನ್ನು ಹೇಳುವವನು ಗುಂಡೇಟಿಗೆ ಸತ್ತ, ಇಪ್ಪತ್ತರ ಹರೆಯದ ಹುಡುಗ. 'ಪದಾತಿಕ್'ನಲ್ಲಿ (1973) ಪೊಲೀಸರಿಂದ ತಪ್ಪಿಸಿಕೊಂಡ ಕ್ರಾಂತಿಕಾರಿ, ಶ್ರೀಮಂತ ಫ್ಲಾಟೊಂದರಲ್ಲಿ ಅಡಗಿ ಕೂತು ತನ್ನ ನಾಯಕರನ್ನೇ ಪ್ರಶ್ನಿಸತೊಡಗುತ್ತಾನೆ. ಎಡಪಕ್ಷಗಳ ಹಲವರಿಗೆ ಇದು ಹಿಡಿಸದಿದ್ದುದು ಸಹಜವೇ.

ಮುಂದೆ ಸೇನ್ ಬೀದಿಯಿಂದ ಮಧ್ಯಮವರ್ಗದ ಮನೆಯೊಳಕ್ಕೆ ಹೊಕ್ಕರು. 'ಏಕ್ ದಿನ್ ಪ್ರತಿದಿನ್'ನಲ್ಲಿ (1979) ಸಂಸಾರ ಸಾಕುವ ಮಗಳು ಒಂದು ರಾತ್ರಿ ಮನೆಗೆ ಬರುವುದಿಲ್ಲ. ಮನೆಯವರ ಆತಂಕದಲ್ಲಿ ಅವಳ ಸಂಬಳದ ಚಿಂತೆಯೂ ಬೆರೆತಿದೆ. 'ಖಾರಿಜ್' (1982) 1983ರಲ್ಲಿ ಕಾನ್ ಚಿತ್ರೋತ್ಸವದ ತೀರ್ಪುಗಾರರ ಪ್ರಶಸ್ತಿ ಪಡೆಯಿತು. ಸೇನ್ ಅವರಿಗೆ 2003ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಿತು. 2018ರ ಡಿಸೆಂಬರ್ 30ರಂದು ಕೋಲ್ಕತ್ತದಲ್ಲಿ ನಿಧನರಾದರು.