ಹೋದು ಅಂದ್ರೆ ಯಾವೂರು?

ಮಂಡಿ ನೋವು ಅಂದರೆ ಮೊಣಕಾಲಿನದು, ಮಂಡಿ ವ್ಯಾಪಾರ ಅಂದರೆ ಸಗಟಿನದು. ಬರೆಯುವ ಅಕ್ಷರ ಒಂದೇ, ಉಚ್ಚಾರವೂ ಒಂದೇ. ನೆಂಟಸ್ತಿಕೆ ಮಾತ್ರ ಇಲ್ಲ. ಮೂಟೆ ಹೊತ್ತು ಹೊತ್ತು ಸವೆದ ಮಂಡಿಯವರನ್ನು ಕೇಳಿದರೆ ಇದೆ ಅಂದಾರು. ಮೈಸೂರಿನ ಮಂಡಿ ಮೊಹಲ್ಲಾದ ಹೆಸರಿನ ಮೊದಲರ್ಧ ಹೀಗೆ. ಉಳಿದರ್ಧ ಅರಬ್ಬಿಯಿಂದ ಬಂದದ್ದು. ಅದರ ಮೂಲ ಧಾತುವಿಗೆ ಗಂಟು ಬಿಚ್ಚು ಎಂದರ್ಥ. ಪಯಣಿಗರು ಹೊರೆ ಬಿಚ್ಚಿ ಇಳಿದುಕೊಂಡ ಜಾಗವೇ ಮೊಹಲ್ಲಾ. ನಮ್ಮ ‘ಬಿಡು’ ದೀರ್ಘ ಎಳೆದುಕೊಂಡು ‘ಬೀಡು’ ಆದದ್ದೂ ಇದೇ ದಾರಿಯಲ್ಲಿ.

ಆದರೆ ಕೆಲವು ದಿನದಿಂದ ನನ್ನ ತಲೆ ಕೊರೆಯುತ್ತಿರುವುದು ಬೇರೊಂದು ಹೆಸರು: ಹೋದು. ಹೀಬ್ರೂ ಭಾಷೆಯಲ್ಲಿ ನಮ್ಮ ದೇಶಕ್ಕೆ ಇರುವ ಹೆಸರು ಅದು. ಬೈಬಲ್ಲಿನ ಎಸ್ತೇರಳ ಗ್ರಂಥ ಶುರುವಾಗುವುದೇ ಅದರಿಂದ. ಅಹಷ್ವೇರೋಷ ಎಂಬ ಪಾರಸಿಕ ದೊರೆ ಹೋದುವಿನಿಂದ ಕೂಷ್‌ವರೆಗೆ 127 ಸಂಸ್ಥಾನ ಆಳುತ್ತಿದ್ದನಂತೆ. ಕೂಷ್ ಅಂದರೆ ಈಜಿಪ್ಟಿನ ತೆಂಕಣ ನಾಡು. ಅದೇ ಗ್ರಂಥದ 8ನೇ ಅಧ್ಯಾಯದಲ್ಲಿ ಇನ್ನೊಂದು ಸಲ ಹೋದು ಬರುತ್ತದೆ. ಇಡೀ ಹೀಬ್ರೂ ಬೈಬಲ್ಲಿನಲ್ಲಿ ನಮ್ಮ ಹೆಸರು ಹೇಳಿರುವುದು ಆ ಎರಡೇ ಕಡೆ.

ಹೋದುವಿನ ತಾಯಿಬೇರು ಸಿಂಧು. ಸಿಂಧು ಎಲ್ಲಿ, ಹೋದು ಎಲ್ಲಿ? ಇದಕ್ಕೆ ಭಾಷಾಶಾಸ್ತ್ರದ ದಪ್ಪ ಪುಸ್ತಕ ಬೇಡ, ಸಂಜೆ ಹೊತ್ತು ಮಂಡಿ ಮೊಹಲ್ಲಾದಲ್ಲಿ ಅರ್ಧ ಗಂಟೆ ನಿಂತು ಕಿವಿಗೊಟ್ಟರೆ ಸಾಕು.

ಮೊದಲು ಅಂಗಡಿಯವರ ಮಾತು. “ಬರೋ ಹಫ್ತಾ ಪೂರಾ ಚುಕ್ತಾ ಮಾಡ್ಬಿಡ್ತೀನಿ ಭಾಯ್.” ಹಫ್ತಾ ಅಂದರೆ ವಾರ, ಏಳು ದಿನ. ಎದುರಿನ ಗೋಡೆಯ ಮೇಲೆ ಭಾಗವತ ಸಪ್ತಾಹದ ಪೋಸ್ಟರ್. ಅದೂ ಏಳು ದಿನವೇ. ಸಂಸ್ಕೃತದ ಸಕಾರ ಇರುವ ಎಷ್ಟೋ ಕಡೆ ಇರಾನಿನ ನಾಲಿಗೆ ಹಕಾರ ನುಡಿಯುತ್ತದೆ: ನಮ್ಮ ಸಪ್ತ ಅಲ್ಲಿ ಹಪ್ತ, ನಮ್ಮ ಅಸುರ ಅಲ್ಲಿ ಅಹುರ. ನಮ್ಮಲ್ಲಿ ರಾಕ್ಷಸ, ಅಲ್ಲಿ ದೇವರು! ಹೀಗೇ ಸಿಂಧು ಅವರಿಗೆ ಹಿಂದು ಆಯಿತು. ದಾರ್ಯವುಷ್ ದೊರೆ ತಾನಾಳುವ ನಾಡುಗಳ ಹೆಸರನ್ನು ಬಂಡೆಯ ಮೇಲೆ ಕೆತ್ತಿಸಿದಾಗ ಅದರಲ್ಲಿ ‘ಹಿಂದುಷ್’ ಕೂಡ ಸೇರಿತ್ತು.

ಎರಡನೆಯದು ಹೂವಿನವಳ ಎಣಿಕೆ. ಮೊಣಕೈಯಿಂದ ಬೆರಳ ತುದಿಗೆ ಮಲ್ಲಿಗೆ ದಂಡೆ ಎಳೆಯುತ್ತ, “ಆರು, ಏಳು, ಎಟ್ಟು...” ಕನ್ನಡದಲ್ಲೇ ಚೌಕಾಸಿ ಮಾಡುವ ಆ ತಮಿಳು ಅಜ್ಜಿ ಲೆಕ್ಕ ಹಾಕುವಾಗ ಮಾತ್ರ ತಾಯಿನುಡಿಗೆ ಜಾರುತ್ತಾಳೆ. ನಮ್ಮ ಎಂಟರ ಸೊನ್ನೆ ತಮಿಳಿನಲ್ಲಿ ಇಲ್ಲ. ಅದರ ಬದಲು ಮುಂದಿನ ಅಕ್ಷರಕ್ಕೆ ಒತ್ತು. ಹೀಬ್ರೂವಿನ ಚಾಳಿಯೂ ಇದೇ. ಹಿಂದುವಿನ ಅನುನಾಸಿಕವನ್ನು ದಕಾರ ನುಂಗಿ ಒತ್ತಾಯಿತು, ಸ್ವರ ಓಕಾರಕ್ಕೆ ತಿರುಗಿತು: ಹೋದ್ದು. ಈಗಿನ ಬಾಯಿಗಳಲ್ಲಿ ಆ ಒತ್ತೂ ಕರಗಿ ಹೋದು.

ಮೂರನೆಯದು ಗಾಡಿಯವನ ಕೂಗು: “ಅಣ್ಣೂ... ಬಾಳೆಅಣ್ಣೂ...” ಮಂಡ್ಯ ಮೈಸೂರು ಸೀಮೆಯಲ್ಲಿ ಹಕಾರ ನುಂಗುವವರನ್ನು ಪೇಟೆಯವರು ಆಡಿಕೊಳ್ಳುತ್ತಾರೆ. ಅಯೋನಿಯಾದ ಗ್ರೀಕರು ಅದನ್ನೇ ಮಾಡಿದ್ದರಿಂದ ಹಿಂದು ‘ಇಂಡೋಸ್’ ಆಗಿ, ಮುಂದೆ ನಮಗೆ ‘ಇಂಡಿಯಾ’ ಎಂಬ ಹೆಸರು ಬಂತು. ಆಡಿಕೊಳ್ಳುವವರ ಪಾಸ್‌ಪೋರ್ಟಿನ ಮೇಲೂ ಅದೇ ಅಚ್ಚಾಗಿದೆ. ನಾವೇನು ಕಡಿಮೆ? ಅವರ ಅಯೋನಿಯಾವನ್ನು ಉಜ್ಜಿ ‘ಯವನ’ ಮಾಡಿದೆವು.

ಹೋದುವಿಗೂ ನಮ್ಮ ಮಂಡಿಯ ಹಾಗೆ ಹೆಸರಿನ ಜೊತೆಗಾರ ಇದ್ದಾನೆ. ‘ಕೊಂಡಾಡಿರಿ’, ‘ಕೃತಜ್ಞತೆ ಸಲ್ಲಿಸಿರಿ’ ಎನ್ನುವುದಕ್ಕೂ ಹೀಬ್ರೂವಿನಲ್ಲಿ ಹೋದು ಎಂದೇ ಹೇಳುತ್ತಾರೆ. 136ನೇ ಕೀರ್ತನೆ ಶುರುವಾಗುವುದು ಆ ಹೋದುವಿನಿಂದ. ಎರಡಕ್ಕೂ ಸಂಬಂಧವಿಲ್ಲ. ಇನ್ನೂ ತಮಾಷೆಯೆಂದರೆ, ಟರ್ಕಿ ಕೋಳಿಗೂ ಅಲ್ಲಿ ಹೋದು ಎನ್ನುತ್ತಾರೆ. ‘ಭಾರತದ ಹುಂಜ’ ಎಂಬುದರ ಮೊಟಕು ರೂಪ. ಆ ಕೋಳಿ ಅಮೆರಿಕ ಖಂಡದ್ದು. ಇಂಗ್ಲಿಷರು ಅದನ್ನು ಟರ್ಕಿಯದೆಂದರು, ಟರ್ಕಿಯವರು ‘ಹಿಂದಿ’ ಎಂದು ನಮ್ಮ ಮೇಲೆ ಹಾಕಿದರು, ಡಚ್ಚರು ಕಲ್ಲಿಕೋಟೆಯ ಹೆಸರು ಅಂಟಿಸಿದರು. ಯಾರ ಮನೆಯ ಕೋಳಿಯೋ, ಯಾರ ಹೆಸರೋ!

ಎಸ್ತೇರಳ ಗ್ರಂಥದ ಹೋದು ಸಿಂಧೂ ಬಯಲಿನ ಸೀಮೆ. ಮೈಸೂರು ಅದರಲ್ಲಿ ಇರಲಿಲ್ಲ. ಇವತ್ತು ಸಿಂಧು ಬಹುಪಾಲು ಪಾಕಿಸ್ತಾನದಲ್ಲಿ ಹರಿಯುತ್ತಾಳೆ, ಅವಳ ಹೆಸರು ಹೊತ್ತವರು ನಾವು. ಪಕ್ಕದ ಲಷ್ಕರ್ ಮೊಹಲ್ಲಾದಲ್ಲಿ ದಂಡು ಹುಡುಕಿದರೆ ಸಿಕ್ಕೀತೆ? ಊರು ಹೊರೆ ಬಿಚ್ಚಿ ಇಳಿದುಕೊಳ್ಳುತ್ತದೆ. ಹೆಸರು ಮಾತ್ರ ಹೊರೆ ಹೊತ್ತು ಮುಂದಕ್ಕೆ ನಡೆಯುತ್ತಲೇ ಇರುತ್ತದೆ. ಅದರ ಮಂಡಿ ಗಟ್ಟಿ.