ಹಿಮ ಬೀಳದ ಹಿಮವದ್ ಗೋಪಾಲಸ್ವಾಮಿ ಬೆಟ್ಟ

ಮೈಸೂರಿನಿಂದ ಊಟಿಯ ಹಾದಿ ಹಿಡಿದು ನಂಜನಗೂಡು, ಬೇಗೂರು ದಾಟಿ ಗುಂಡ್ಲುಪೇಟೆ ಸೇರುವವರೆಗೂ ಕಾಣುವುದು ಬಹುಪಾಲು ಮಳೆಯನ್ನೇ ನಂಬಿದ ಹೊಲಗಳು. ಹಿಮಾಚ್ಛಾದಿತ ಶಿಖರ, ಹೆಪ್ಪುಗಟ್ಟಿದ ಸರೋವರ ಇವೆಲ್ಲ ಈ ಸೀಮೆಯವರಿಗೆ ಕ್ಯಾಲೆಂಡರಿನ ಚಿತ್ರಗಳು ಅಷ್ಟೆ. ಆದರೂ ಈ ತಾಲ್ಲೂಕಿನ ಹೆಸರಾಂತ ದೇವರ ಹೆಸರೇ ಹಿಮದಿಂದ ಶುರುವಾಗುತ್ತದೆ. ಎಂದೂ ಹಿಮ ಬೀಳದ ಬೆಟ್ಟ ‘ಹಿಮವದ್’ ಆದದ್ದು ಹೇಗೆ?

ಉತ್ತರದ ಅರ್ಧ ಭಾಗ ಭಾಷೆಯಲ್ಲೇ ಇದೆ. ಸಂಸ್ಕೃತದ ‘ಹಿಮ’ ಎಂಬುದಕ್ಕೆ ಚಳಿ, ಇಬ್ಬನಿ, ಮಂಜು ಎಂಬ ಅರ್ಥಗಳೂ ಉಂಟು. ಕನ್ನಡದ ‘ಮಂಜು’ ಕೂಡ ಹಾಗೆಯೇ. ಕಾಶ್ಮೀರದಲ್ಲಿ ಬೀಳುವುದೂ ಮಂಜು, ಬೇಗೂರಿನ ಹೊಲದ ಮೇಲೆ ಬೆಳಗಿನ ಜಾವ ಕವಿಯುವುದೂ ಮಂಜು. ಹಿಮಾಲಯವನ್ನು ಬಹುಶಃ ಗ್ರಂಥಗಳಲ್ಲೇ ಕಂಡ ನಮ್ಮ ಹಳೆಯ ಕವಿಗಳಿಗೆ ಈ ಭೇದ ತೊಡಕಾಗಿರಲಿಕ್ಕಿಲ್ಲ.

ಉಳಿದರ್ಧ ಬೆಟ್ಟದ ಮೇಲಿದೆ. ಹಂಗಳದ ಬಳಿ ಊಟಿ ರಸ್ತೆ ಬಿಟ್ಟು ಬಲಕ್ಕೆ ತಿರುಗಿದರೆ ಸಿಗುವ ಈ ಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1,454 ಮೀಟರ್. ಗುಂಡ್ಲುಪೇಟೆಯ ಬಯಲಿಗಿಂತ ಸುಮಾರು 600 ಮೀಟರ್ ಮೇಲೆ. ಇಷ್ಟು ಏರಿದರೆ ಉಷ್ಣಾಂಶ ಮೂರು ನಾಲ್ಕು ಡಿಗ್ರಿ ಇಳಿಯುತ್ತದೆ. ಬಯಲಿನಿಂದ ಮೇಲೇರುವ ತೇವದ ಗಾಳಿ ಇಲ್ಲಿ ತಣಿದು ಹನಿಗಟ್ಟಿ ಶಿಖರವನ್ನು ಮುಸುಕುತ್ತದೆ. ಡಿಸೆಂಬರ್, ಜನವರಿಯ ಮುಂಜಾನೆಗಳಲ್ಲಿ ಹತ್ತು ಮಾರು ಮುಂದಿನ ಹಾದಿಯೂ ಕಾಣದಿರುವುದುಂಟು. ಗರ್ಭಗುಡಿಯ ಬಾಗಿಲ ಮೇಲ್ಭಾಗದಲ್ಲಿ ಜಿನುಗುವ ನೀರನ್ನು ಭಕ್ತರು ಸ್ವಾಮಿಯ ತೀರ್ಥವೆಂದೇ ಭಾವಿಸುತ್ತಾರೆ. ತಣ್ಣನೆಯ ಕಲ್ಲಿಗೆ ತೇವದ ಗಾಳಿ ತಾಗಿದರೆ ಹನಿ ಮೂಡುವುದು ಸಹಜ. ಆದರೆ ಸೆಕೆಯ ಬಯಲಿನಿಂದ ಹತ್ತಿ ಬಂದವನಿಗೆ ಆ ಹನಿ ಪ್ರಸಾದವಾಗಿ ಕಂಡರೆ ಆಶ್ಚರ್ಯವೇನು?

ದಕ್ಷಿಣದ ನೀಲಗಿರಿಯ ಕಥೆ ತುಸು ಬೇರೆ. ಅಲ್ಲಿ ಚಳಿಗಾಲದ ಕೆಲವು ರಾತ್ರಿ ತಗ್ಗಿನ ಹುಲ್ಲುಗಾವಲುಗಳಲ್ಲಿ ಉಷ್ಣಾಂಶ ಸೊನ್ನೆಗಿಳಿದು, ಹುಲ್ಲಿನೆಸಳುಗಳ ಮೇಲೆ ಉಪ್ಪು ಚೆಲ್ಲಿದಂತೆ ಬಿಳಿ ಹರಳು ಕಟ್ಟುತ್ತದೆ. ಪತ್ರಿಕೆಗಳು ಅದನ್ನು ‘ಊಟಿಯಲ್ಲಿ ಹಿಮಪಾತ’ ಎಂದು ಬರೆಯುವುದು ವಾಡಿಕೆ. ಅದು ಆಕಾಶದಿಂದ ಬೀಳುವುದಲ್ಲ, ನೆಲದ ಮೇಲೆಯೇ ಹೆಪ್ಪುಗಟ್ಟುವಂಥದು.

ದೇವಾಲಯದ ಇತಿಹಾಸ ಹೊಯ್ಸಳರ ಕೊನೆಗಾಲಕ್ಕೆ ಹೋಗುತ್ತದೆ. ತೆರಕಣಾಂಬಿಯಿಂದ ಈ ನಾಡನ್ನಾಳುತ್ತಿದ್ದ ಪೆರುಮಾಳ ದಂಡನಾಯಕನ ಮಗ ಮಾಧವ ದಂಡನಾಯಕ 1315ರಲ್ಲಿ ವೇಣುಗೋಪಾಲನನ್ನು ಪ್ರತಿಷ್ಠಾಪಿಸಿದನೆನ್ನಲಾಗಿದೆ. ಆಗ ಮೂರನೆಯ ಬಲ್ಲಾಳನ ಆಳ್ವಿಕೆ. ಬೆಟ್ಟದಲ್ಲಿ ಕೋಟೆಯೂ ಇತ್ತು. ‘ಬೆಟ್ಟದಕೋಟೆ’ ಎಂಬ ಹೆಸರಿನೊಂದಿಗೆ ನವ ದಣಾಯಕರ ಐತಿಹ್ಯ ತಳುಕು ಹಾಕಿಕೊಂಡಿದೆ. ಮುಂದೆ ಮೈಸೂರು ಅರಸರು ಈ ದೇವರಿಗೆ ನಡೆದುಕೊಂಡರು. ಪಟ್ಟಕ್ಕೆ ಬರುವ ಮೊದಲು ಚಿಕ್ಕದೇವರಾಜ ಒಡೆಯರನ್ನು ಇರಿಸಿದ್ದು ಬೆಟ್ಟದ ಕೆಳಗಿನ ಹಂಗಳದಲ್ಲಿ. 1673ರಿಂದ 1704ರವರೆಗೆ ಆಳಿದ ಅವರ ಆಸ್ಥಾನದಲ್ಲಿದ್ದ ಚಿಕುಪಾಧ್ಯಾಯ ಈ ಕ್ಷೇತ್ರದ ಮೇಲೆ ಬರೆದ ಕೃತಿಯ ಹೆಸರು ‘ಕಮಲಾಚಲ ಮಾಹಾತ್ಮ್ಯ’.

ಗಮನಿಸಬೇಕಾದದ್ದು ಈ ಇನ್ನೊಂದು ಹೆಸರನ್ನು. ಕಮಲಾಚಲ, ಕಂಜಗಿರಿ ಎಂದರೆ ತಾವರೆಯ ಬೆಟ್ಟ. ತಾವರೆ ಎಂದ ಮೇಲೆ ಕೊಳ ಇರಲೇಬೇಕು. ಸ್ಥಳಪುರಾಣ ಇಲ್ಲಿ ಹಂಸತೀರ್ಥ, ಶಂಖತೀರ್ಥ, ಚಕ್ರತೀರ್ಥ ಮುಂತಾದ ಎಂಟು ತೀರ್ಥಗಳನ್ನು ಹೇಳುತ್ತದೆ. ಹಂಸತೀರ್ಥದಲ್ಲಿ ಮಿಂದ ಕಾಗೆಯೊಂದು ಹಂಸವಾಯಿತಂತೆ. ಅಂದಿನಿಂದ ಬೆಟ್ಟದಲ್ಲಿ ಕಾಗೆಗಳೇ ಇಲ್ಲವೆಂಬುದು ಜನರ ನಂಬಿಕೆ. ಒಂದು ಹೆಸರು ಮಂಜನ್ನು, ಇನ್ನೊಂದು ಕೊಳವನ್ನು ಹೇಳಿದರೂ ಎರಡರ ಹಿಂದಿರುವುದು ನೀರೇ. ಮಳೆಗೆ ಮುಗಿಲು ನೋಡುವ ಸೀಮೆಯ ಜನ ನೆತ್ತಿಯ ಮೇಲೆ ನೀರಿರುವ ಬೆಟ್ಟವನ್ನು ಪೂಜಿಸಿದ್ದರಲ್ಲಿ ಅರ್ಥವಿದೆ. ಗುಂಡ್ಲುಹೊಳೆ ಹುಟ್ಟುವುದೂ ಗುಂಡ್ಲುಪೇಟೆಯ ದಕ್ಷಿಣದ ಬೆಟ್ಟಸಾಲಿನಲ್ಲೇ. ಉತ್ತರಕ್ಕೆ ಹರಿದು ಅದು ನಂಜನಗೂಡಿನ ಬಳಿ ಕಪಿಲೆಯನ್ನು ಕೂಡುತ್ತದೆ.

ಹಿಂದೆ ಈ ಬೆಟ್ಟಕ್ಕೆ ಯಾತ್ರೆಯೆಂದರೆ ಕಾಲ್ನಡಿಗೆ. ಹಂಗಳ, ಗೋಪಾಲಪುರದ ಕಡೆಯಿಂದ ಬುತ್ತಿ ಕಟ್ಟಿಕೊಂಡು ಹುಲ್ಲುಗಾವಲು, ಶೋಲಾ ಕಾಡುಗಳ ನಡುವೆ ಹತ್ತಬೇಕಿತ್ತು. ಮೈಸೂರು ಅರಸರು 1931ರಲ್ಲಿ ಬಂಡೀಪುರದ 90 ಚದರ ಕಿಲೋಮೀಟರ್ ಕಾಡನ್ನು ಅಭಯಾರಣ್ಯ ಮಾಡಿದರು. ಅದನ್ನು ವಿಸ್ತರಿಸಿದಾಗ ಬೆಟ್ಟದ ದೇವರ ಹೆಸರಿನಲ್ಲೇ ವೇಣುಗೋಪಾಲ ವನ್ಯಧಾಮ ಎಂದು ಕರೆದರು. ದೇವರು ಕಾಡಿಗೆ ಹೆಸರು ಕೊಟ್ಟ; 1973ರಲ್ಲಿ ಹುಲಿ ಯೋಜನೆ ಬಂದ ಮೇಲೆ ಕಾಡು ದೇವರ ಹಾದಿಗೆ ಕಟ್ಟಳೆ ಹಾಕತೊಡಗಿತು. ಈಗ ಖಾಸಗಿ ವಾಹನಗಳು ಬೆಟ್ಟದ ಬುಡದಲ್ಲೇ ನಿಲ್ಲಬೇಕು, ಮೇಲಕ್ಕೆ ಒಯ್ಯುವುದು ಸಾರಿಗೆ ಸಂಸ್ಥೆಯ ಬಸ್ಸು. ಸಂಜೆಯ ನಂತರ ಯಾತ್ರಿಕರು ಉಳಿಯುವಂತಿಲ್ಲ.

ನಡೆದು ಹತ್ತುವ ಸುಖ ತಪ್ಪಿತೆಂದು ಹಲಹಲಿಸುವವರಿದ್ದಾರೆ. ಆನೆ ತಿರುಗಾಡುವ ಕಾಡಿನಲ್ಲಿ ಈ ಕಟ್ಟಳೆ ಅತಿಯಾಯಿತು ಎನ್ನಲಾಗದು. ಇದಕ್ಕಿಂತ ದೊಡ್ಡ ಚಿಂತೆ ಬೆಂಕಿಯದು. ಚಳಿಗಾಲವಿಡೀ ಮಂಜಿನಲ್ಲಿ ನೆನೆಯುವ ಹುಲ್ಲು ಫೆಬ್ರವರಿಯ ಹೊತ್ತಿಗೆ ಒಣಗಿ ಗರಿಗರಿಯಾಗುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟಾಗ ಗೋಪಾಲಸ್ವಾಮಿ ಬೆಟ್ಟದ ವಲಯವೂ ಹೊತ್ತಿ ಉರಿಯಿತು. ಬೆಂಕಿ ಆರಿಸಲು ವಾಯುಪಡೆಯ ಹೆಲಿಕಾಪ್ಟರುಗಳು ನೀರು ಹೊತ್ತು ಬರಬೇಕಾಯಿತು.