ಬ್ಲಫಿನ ವೋಲ್ಟೇಜು, ಕಬ್ಬಿನ ಗದ್ದೆಯ ಆಂಪಿಯರು

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ, ಸುತ್ತಲಿನವರು ಬ್ಲಫ್ ಎಂದೇ ಕರೆಯುವ ಕಡೆ, ದಿವಾನ್ ಕೆ. ಶೇಷಾದ್ರಿ ಅಯ್ಯರ್ ಆಡಳಿತದಲ್ಲಿ ರೂಪುಗೊಂಡ ವಿದ್ಯುದಾಗಾರ 1902ರ ಜೂನ್‌ನಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕಳಿಸತೊಡಗಿತು. ದೂರ ಸುಮಾರು 147 ಕಿಲೋಮೀಟರ್. ಮೊದಲಿಗೆ ಹೂಡಿದ್ದು 720 ಕಿಲೋವ್ಯಾಟಿನ ಆರು ಜನರೇಟರ್, ಒಟ್ಟು 4,320 ಕಿಲೋವ್ಯಾಟ್. ಕಾವೇರಿಯ ಜಲಪಾತವನ್ನು ಕೊಂಡಾಡುವ ಬರಹಗಳು ಬೇಕಾದಷ್ಟಿವೆ. ಆದರೆ ಆ ಯೋಜನೆಯ ಜಾಣ್ಮೆ ಇದ್ದದ್ದು ತಂತಿಯಲ್ಲಿ ಎಂಬುದು ನನ್ನ ಎಣಿಕೆ.

ಜನರೇಟರಿನಿಂದ ಹೊರಬರುತ್ತಿದ್ದುದು ಸುಮಾರು 2,200 ವೋಲ್ಟ್. ಪವರ್ ಫ್ಯಾಕ್ಟರ್ ಒಂದೆಂದು ಹಿಡಿದು ಲೆಕ್ಕ ಹಾಕಿದರೆ, ಅಷ್ಟೂ ಸಾಮರ್ಥ್ಯವನ್ನು ಅದೇ ವೋಲ್ಟೇಜಿನಲ್ಲಿ ಕಳಿಸಲು ಮೂರು ತಂತಿಗಳಲ್ಲೂ ತಲಾ 1,134 ಆಂಪಿಯರ್ ಹರಿಯಬೇಕು. ಟ್ರಾನ್ಸ್‌ಫಾರ್ಮರಿನಿಂದ 35,000 ವೋಲ್ಟಿಗೆ ಏರಿಸಿದಾಗ ಸುಮಾರು 71 ಆಂಪಿಯರ್ ಸಾಕು. ಸಾಮರ್ಥ್ಯವೆಂದರೆ ವೋಲ್ಟೇಜು ಮತ್ತು ಪ್ರವಾಹಗಳ ಗುಣಲಬ್ಧ, ಒಂದು ಏರಿದರೆ ಇನ್ನೊಂದು ಇಳಿಯಬಹುದು. ತಂತಿ ಬಿಸಿಯಾಗಿ ಪೋಲಾಗುವುದು ಮಾತ್ರ ಪ್ರವಾಹದ ವರ್ಗಕ್ಕೆ ತಕ್ಕಂತೆ. ಪ್ರವಾಹ ಹದಿನಾರನೇ ಒಂದು ಪಾಲಿಗೆ ಇಳಿದರೆ ಅದೇ ತಂತಿಯಲ್ಲಿನ ನಷ್ಟ ಸುಮಾರು 250ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ವೋಲ್ಟೇಜನ್ನು ಹೀಗೆ ಏರಿಸದಿದ್ದರೆ ಗಣಿಗಳವರೆಗೆ ಹೇಳಿಕೊಳ್ಳುವಂಥದ್ದೇನೂ ತಲುಪುತ್ತಿರಲಿಲ್ಲ.

ಇದೇ ಸೂತ್ರ ಮದ್ದೂರು, ಮಳವಳ್ಳಿಯ ಕಬ್ಬಿನ ಗದ್ದೆಗಳಲ್ಲಿ ತಿರುಗುಮುರುಗಾಗಿ ಕೆಲಸ ಮಾಡುತ್ತದೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರು ಕೊನೇ ಭಾಗಕ್ಕೆ ಬಾರದಾಗ ಬೋರ್‌ವೆಲ್ಲೇ ಗತಿ. 5 ಎಚ್‌ಪಿ ಮೋಟಾರ್ ಎಂದರೆ ಹೊರಗೆ ಕೊಡುವುದು 3.73 ಕಿಲೋವ್ಯಾಟ್. ದಕ್ಷತೆ ನೂರಕ್ಕೆ 80 ಇದ್ದರೆ ಒಳಗೆ ಎಳೆಯುವುದು ಸುಮಾರು 4.7. ಆರು ಗಂಟೆ ಓಡಿದರೆ 28 ಯೂನಿಟ್. ಯೂನಿಟ್ ಎಣಿಸುವುದು ಶಕ್ತಿಯನ್ನು. ಮೋಟಾರ್ ಸುಡುವುದು ಪ್ರವಾಹದಿಂದ. ಈ ಎರಡನ್ನೂ ಒಂದೇ 'ಕರೆಂಟು' ಎಂದು ಮಾತಾಡುವುದರಿಂದ ಗೊಂದಲ ಹೆಚ್ಚು.

415 ವೋಲ್ಟಿನಲ್ಲಿ, 0.8 ಪವರ್ ಫ್ಯಾಕ್ಟರಿಗೆ, ಆ ಮೋಟಾರ್ ಸುಮಾರು 8.1 ಆಂಪಿಯರ್ ಎಳೆಯುತ್ತದೆ. ಟಿ.ಸಿ.ಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ದೂರದ ಗದ್ದೆಯಲ್ಲಿ, ಎಲ್ಲ ಪಂಪುಗಳೂ ಒಟ್ಟಿಗೆ ಶುರುವಾಗಿ ವೋಲ್ಟೇಜು 350ಕ್ಕೆ ಕುಸಿಯಿತೆನ್ನಿ. ನೀರೆತ್ತುವ ಭಾರ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಮೋಟಾರ್ 9.6 ಆಂಪಿಯರಿನಷ್ಟು ಎಳೆದುಕೊಳ್ಳುತ್ತದೆ. ಕಾಯಿಲಿನ ಬಿಸಿ ಸುಮಾರು 1.4 ಪಟ್ಟು. ವೈಂಡಿಂಗಿನ ವಾರ್ನಿಷ್ ಕಂದಿ, ಸುತ್ತು ಸುತ್ತಿಗೆ ತಾಗಿ ಸುಡುವುದು ಆಮೇಲಿನ ಕಥೆ. ಕೆಪಾಸಿಟರ್ ಹಾಕಿದರೆ ಲೈನಿನ ಪ್ರವಾಹ ಇಳಿದು ವೋಲ್ಟೇಜು ಒಂದಿಷ್ಟು ಚೇತರಿಸಿಕೊಳ್ಳುತ್ತದೆ. ಅದರ ಬದಲು ಇನ್ನೂ ದೊಡ್ಡ ಎಚ್‌ಪಿ ಮೋಟಾರ್ ತಂದು ಕೂರಿಸುವುದು ನೆರೆಯ ಗದ್ದೆಯ ವೋಲ್ಟೇಜನ್ನೂ ಇಳಿಸುತ್ತದೆ.

ಸ್ಟಾರ್ಟರ್ ಪೆಟ್ಟಿಗೆಯ ಮುಖದ ಮೇಲೆ ವೋಲ್ಟ್‌ಮೀಟರಿಗೊಂದು, ಆಮ್ಮೀಟರಿಗೊಂದು ಮುಳ್ಳಿರುತ್ತದೆ. ರೈತರು ಎರಡನ್ನೂ ಓದಲಿ, ಮೋಟಾರಿನ ಫಲಕದಲ್ಲಿ ಬರೆದ ಆಂಪಿಯರಿಗೇ ಓವರ್‌ಲೋಡ್ ರಿಲೇಯನ್ನು ಹೊಂದಿಸಲಿ, ಅದು ಪದೇ ಪದೇ ಟ್ರಿಪ್ ಆಗುತ್ತದೆಂದು ಬೈಪಾಸ್ ಮಾಡದಿರಲಿ.